ವಿಮಾನಮಾರ್ಗವೂ ಗ್ರಾಮಸ್ಥನ ಪ್ರಯಾಣವೂ

2023ನೆಯ ಇಸವಿ ಫೆಬ್ರವರಿ 27ರಂದು ಶಿವಮೊಗ್ಗೆಯ ಬಳಿಯ ಸೋಗಾನೆಯಲ್ಲಿ ರಾಷ್ಟ್ರಕವಿ ಕುವೆಂಪು ಅವರ ಹೆಸರಿನ ವಿಮಾನನಿಲ್ದಾಣವು ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲನೆಯ ಪ್ರಯಾಣಿಕ ವಿಮಾನವು ಅಲ್ಲಿ ಬಂದಿಳಿಯಿತು. 3,200 ಮೀಟರು ಉದ್ದದ ಅದರ ಓಡುದಾರಿಯು ರಾಜ್ಯದಲ್ಲಿ ಬೆಂಗಳೂರಿನದಕ್ಕೆ ಮಾತ್ರ ಎರಡನೆಯದು. ಮಲೆನಾಡಿಗೆ ಇದು ಹೆಮ್ಮೆಯ ವಿಷಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹೆಮ್ಮೆ ಬೇರೆ, ಉಪಯೋಗ ಬೇರೆ. ಚಿಕ್ಕಮಗಳೂರಿಗೂ ಒಂದು ವಿಮಾನನಿಲ್ದಾಣವಾಗಬೇಕೆಂಬ ಕೋರಿಕೆಯು ಆಗಾಗ್ಗೆ ಕೇಳಿಬರುತ್ತಿರುವುದರಿಂದ, ಈ ಉಪಯೋಗದ ಲೆಕ್ಕವನ್ನು ಶಾಂತಚಿತ್ತದಿಂದ ಪರಿಶೀಲಿಸುವುದು ಉಚಿತವಾಗಿದೆ.

ಸೋಗಾನೆಗೂ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣಕ್ಕೂ ನೇರವಾಗಿ ಅಳೆದರೆ ಸುಮಾರು 240 ಕಿಲೋಮೀಟರು ಅಂತರ. ಸಣ್ಣ ನಿಲ್ದಾಣಗಳಿಗೆ ಹಾರುವ ಎ.ಟಿ.ಆರ್. ವಿಮಾನದ ವೇಗ ಗಂಟೆಗೆ ಸುಮಾರು 500 ಕಿಲೋಮೀಟರು. ಈ ಲೆಕ್ಕದಂತೆ ಅರ್ಧ ಗಂಟೆ ಸಾಕು. ಆದರೂ ವೇಳಾಪಟ್ಟಿಯಲ್ಲಿ ಒಂದು ಗಂಟೆ, ಅಥವಾ ಅದಕ್ಕೂ ಸ್ವಲ್ಪ ಮೇಲೆ ತೋರಿಸಿರುತ್ತಾರೆ. ನೆಲದ ಮೇಲೆ ಉರುಳುವುದಕ್ಕೂ, ಮೇಲೇರುವುದಕ್ಕೂ, ವೇಗವನ್ನು ತಗ್ಗಿಸಿ ಇಳಿಯುವುದಕ್ಕೂ ಕಾಲ ಬೇಕಷ್ಟೆ. ದಾರಿಯು ಕಿರಿದಾದಷ್ಟೂ ಈ ಏರಿಳಿತದ ಪಾಲೇ ಹೆಚ್ಚುವುದು.

ಇನ್ನು ಕಡೂರು ತಾಲ್ಲೂಕಿನ ದೇವನೂರಿನ ನಿವಾಸಿಯನ್ನು ತೆಗೆದುಕೊಳ್ಳೋಣ. ಯಜ್ಞಾಶ್ವದ ದೇಶಸಂಚಾರವನ್ನು ವರ್ಣಿಸಿದ ಲಕ್ಷ್ಮೀಶ ಕವಿಯ ಊರು ಅದು. ಅಲ್ಲಿಂದ ಬೆಂಗಳೂರಿಗೆ ಹಾರಬಯಸುವವನು ಮೊದಲು ಬೀರೂರು, ತರೀಕೆರೆ, ಭದ್ರಾವತಿಗಳನ್ನು ದಾಟಿ, ಬೆಂಗಳೂರಿಗೆ ಬೆನ್ನುಮಾಡಿ, ಸುಮಾರು ಎರಡು ಗಂಟೆ ಹೋಗಬೇಕು. ಹೊರಡುವುದಕ್ಕೆ ಒಂದು ಗಂಟೆ ಮುಂಚೆಯೇ ನಿಲ್ದಾಣದಲ್ಲಿರಬೇಕು. ಬಳಿಕ ವಿಮಾನವೇರಿದರೆ, ನಕ್ಷೆಯ ನೇರರೇಖೆಯು ಅಜ್ಜಂಪುರದ ಸಮೀಪದಲ್ಲಿಯೇ, ಅಂದರೆ ಅವನ ಜಿಲ್ಲೆಯ ಮೇಲೆಯೇ ಹಾದುಹೋಗುತ್ತದೆ! ದೇವನಹಳ್ಳಿಯಲ್ಲಿ ಇಳಿದ ಮೇಲೂ ಬೆಂಗಳೂರಿನ ನಡುವನ್ನು ಸೇರಲು ಸುಮಾರು 35 ಕಿಲೋಮೀಟರು ಉಳಿದಿರುತ್ತದೆ. ಒಟ್ಟಿನಲ್ಲಿ ಐದಾರು ಗಂಟೆ. ಕಡೂರಿನಲ್ಲಿ ರೈಲು ಹತ್ತಿದವನಾದರೋ ಮೂರು ನಾಲ್ಕು ಗಂಟೆಗಳಲ್ಲಿ ಅಲ್ಪವೆಚ್ಚದಿಂದ ಪೇಟೆಯ ಮಧ್ಯದಲ್ಲಿಯೇ ಇಳಿಯುತ್ತಾನೆ.

ಇಷ್ಟರಿಂದ ಸೋಗಾನೆಯ ನಿಲ್ದಾಣವು ವ್ಯರ್ಥವೆಂದು ಯಾರೂ ಭಾವಿಸಬಾರದು. ಹೈದರಾಬಾದು, ಗೋವೆ, ತಿರುಪತಿಗಳಿಗೆ 2023ರ ನವೆಂಬರಿನಲ್ಲಿ ವಿಮಾನಗಳು ಆರಂಭವಾದಾಗ ಅದರ ನಿಜವಾದ ಪ್ರಯೋಜನವು ಕಂಡುಬಂದಿತು. ಇಡೀ ರಾತ್ರಿ ಹಿಡಿಯುತ್ತಿದ್ದ ದಾರಿಯು ಕೆಲವೇ ಗಂಟೆಗಳದಾದರೆ ಅದು ಲಾಭವೇ ಸರಿ. ದೂರಕ್ಕೆ ವಿಮಾನ, ಸಮೀಪಕ್ಕೆ ರೈಲು, ಹಳ್ಳಿಗೆ ಬಸ್ಸು: ಮೂರೂ ಒಂದನ್ನೊಂದು ಕಾಯ್ದು ಕೂಡಿಕೊಳ್ಳುವುದೇ ಸುವ್ಯವಸ್ಥೆ.

ಆದಕಾರಣ ಅಧಿಕಾರಿಗಳು ಜಿಲ್ಲೆಗೊಂದು ವಿಮಾನನಿಲ್ದಾಣವನ್ನು ಕಟ್ಟಿಸುವ ಉತ್ಸಾಹಕ್ಕೆ ಮೊದಲು, ಕಡೂರು, ಬೀರೂರು, ತರೀಕೆರೆಗಳಿಂದ ಸೋಗಾನೆಗೆ ವಿಮಾನದ ವೇಳೆಗೆ ಹೊಂದುವ ಬಸ್ಸುಗಳನ್ನೂ, ಹಳ್ಳಿಗಳಿಂದ ರೈಲಿನ ವೇಳೆಗೆ ಕಡೂರನ್ನು ಸೇರುವ ಬಸ್ಸುಗಳನ್ನೂ ಏರ್ಪಡಿಸುವುದು ಯುಕ್ತವೆಂದು ನಮಗೆ ತೋರುತ್ತದೆ. ಇದಕ್ಕೆ ತಗಲುವ ವೆಚ್ಚವು ಓಡುದಾರಿಯ ವೆಚ್ಚದ ಮುಂದೆ ಅತ್ಯಲ್ಪ. ಪ್ರಯಾಣದ ಕಾಲವನ್ನು ನಿಲ್ದಾಣದಿಂದ ನಿಲ್ದಾಣಕ್ಕಲ್ಲ, ಮನೆಯ ಹೊಸ್ತಿಲಿನಿಂದ ಎಣಿಸಿದಲ್ಲದೆ ಪ್ರಜೆಗಳ ಹಣವು ಸದ್ವಿನಿಯೋಗವಾಯಿತೆಂದು ಹೇಳಲಾಗದು.