ಬಣ್ಣ ಬೇರೆಯಾದರೂ ಜಗಳ ತಪ್ಪದು

ಉಪ್ಪುನೀರಿನ ಅಲಂಕಾರದ ಮೀನು ಮಾರುವ ಅಂಗಡಿಗೆ ಹೋದವರು ಒಂದು ಸಂಗತಿಯನ್ನು ಗಮನಿಸಬಹುದು. ನೀಲಿ ಹಸಿರು ಬಣ್ಣದ ಸಣ್ಣ ಮೀನುಗಳು ಒಂದೇ ತೊಟ್ಟಿಯಲ್ಲಿ ಇಪ್ಪತ್ತು ಮೂವತ್ತು ಸೇರಿಕೊಂಡು ಈಜಾಡುತ್ತಿರುತ್ತವೆ. ಪಕ್ಕದಲ್ಲೇ ಒಂದು ಚಿಕ್ಕ ಗಾಜಿನ ಗೂಡು. ಅದರೊಳಗೆ ಕೆಂಡದ ಬಣ್ಣದ ಒಂದೇ ಒಂದು ಮೀನು. ಅದರಾಚೆಯ ಗೂಡಿನಲ್ಲಿ ನೇರಳೆ, ಕಿತ್ತಳೆ ಬೆರೆತ ಇನ್ನೊಂದು, ಅದೂ ಒಂಟಿ. ಮನೆಯಲ್ಲಿ ಹೊಸದಾಗಿ ತೊಟ್ಟಿ ಇಟ್ಟ ಹುಡುಗನಿಗೆ ಎರಡೂ ಬೇಕು. ‘ಅಪ್ಪಾ, ಒಂದು ಕೆಂಪು, ಒಂದು ನೇರಳೆ’ ಎನ್ನುತ್ತಾನೆ. ಬೆಲೆ ಕೇಳಿ ಅಪ್ಪ ಒಂದು ಕ್ಷಣ ಸುಮ್ಮನಾಗುತ್ತಾರೆ. ಆಮೇಲೆ, ಜೊತೆಗೊಂದು ಇರಲಿ ಪಾಪ ಎಂದು ಎರಡನ್ನೂ ಕೊಡಿಸುತ್ತಾರೆ. ಅಂಗಡಿಯವನು ಅವನ್ನು ಬೇರೆ ಬೇರೆ ಇಟ್ಟದ್ದೇಕೆ ಎಂದು ಇಬ್ಬರೂ ಕೇಳುವುದಿಲ್ಲ.

ಉತ್ತರ ವಾರದೊಳಗೆ ಮನೆಯಲ್ಲೇ ಸಿಗುತ್ತದೆ. ನೇರಳೆ ಮೀನಿನ ಬಾಲ ಹರಿದಿರುತ್ತದೆ. ಅದು ತೊಟ್ಟಿಯ ಮೇಲಿನ ಮೂಲೆ ಸೇರಿ ಜೋರಾಗಿ ಕಿವಿರು ಬಡಿಯುತ್ತಿರುತ್ತದೆ. ಆಹಾರ ಹಾಕಿದರೆ ಕೆಂಪು ಮೀನು ಬಂದು ತಿನ್ನುತ್ತದೆ, ನೇರಳೆಯದು ಬರುವುದಿಲ್ಲ.

ಇವು ಕುಬ್ಜ ಏಂಜೆಲ್ ಮೀನುಗಳು. ಹಲವರ ಮನೆಯ ಸಿಹಿನೀರಿನ ತೊಟ್ಟಿಯಲ್ಲಿ ಉದ್ದ ರೆಕ್ಕೆಯ, ಮುಕ್ಕೋನಾಕಾರದ ಏಂಜೆಲ್ ಇರುತ್ತದಲ್ಲ, ಅದಕ್ಕೂ ಇದಕ್ಕೂ ಇರುವುದು ಹೆಸರಿನ ನಂಟಷ್ಟೇ. ಅದು ಅಮೆಜಾನ್ ನದಿಯ ಕಡೆಯದು, ಇದು ಹವಳದ ದಿಬ್ಬಗಳ ವಾಸಿ. ಸೆಂಟ್ರೊಪೈಗೆ ಎಂಬ ಕುಲದಲ್ಲಿ ಇಂಥ ಮೂವತ್ತಕ್ಕೂ ಹೆಚ್ಚು ಪ್ರಭೇದಗಳಿದ್ದು, ಹೆಚ್ಚಿನವು 10–12 ಸೆಂಟಿಮೀಟರ್ ದಾಟುವುದಿಲ್ಲ. ಕೆಂಡದ ಮೈಮೇಲೆ ಕಪ್ಪು ಪಟ್ಟೆ ಎಳೆದುಕೊಂಡದ್ದು ಪೆಸಿಫಿಕ್ ದ್ವೀಪಗಳ ಫ್ಲೇಮ್ ಏಂಜೆಲ್. ನೇರಳೆ ಕಿತ್ತಳೆಯದು ಕೋರಲ್ ಬ್ಯೂಟಿ. ನಿಂಬೆಸಿಪ್ಪೆಯ ಹಳದಿಯದಕ್ಕೆ ಲೆಮನ್‌ಪೀಲ್ ಎಂದೇ ಹೆಸರು. ಕೆನ್ನೆಯ ಬುಡದಿಂದ ಹಿಂದಕ್ಕೆ ಚಾಚಿದ ಗಟ್ಟಿ ಮುಳ್ಳು ಈ ಬಳಗದ ಗುರುತು.

ಬಣ್ಣ ಬೇರೆ, ಹೆಸರು ಬೇರೆ, ಊರೂ ಬೇರೆ. ಮತ್ತೆ ಜಗಳವೇಕೆ? ಆಸ್ಟ್ರಿಯಾದ ಕೊನ್ರಾಡ್ ಲೊರೆಂಟ್ಸ್ ಈ ಪ್ರಶ್ನೆಯನ್ನು ತಿರುವಿಹಾಕಿ ಕೇಳಿದ್ದರು. ಪ್ರಾಣಿಗಳ ವರ್ತನೆಯನ್ನು ಕುರಿತ ಅಧ್ಯಯನಕ್ಕೆ 1973ರಲ್ಲಿ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡ ಮೂವರಲ್ಲಿ ಅವರೊಬ್ಬರು. ಫ್ಲೋರಿಡಾದ ಹವಳದ ದಿಬ್ಬಗಳಲ್ಲಿ ಈಜಿ, ಮೀನುಗಳನ್ನು ತೊಟ್ಟಿಯಲ್ಲೂ ಸಾಕಿ ನೋಡಿದ ಅವರಿಗೆ ಕಂಡದ್ದು ಇದು: ಹವಳದ ಮೀನುಗಳಲ್ಲಿ ಅತಿ ಗಾಢ ಬಣ್ಣದವೇ ಅತಿ ಜಗಳಗಂಟಿಗಳು. ಆದರೆ ಅವುಗಳ ಸಿಟ್ಟೆಲ್ಲ ಸ್ವಜಾತಿಯವರ ಮೇಲೆ. ಬಣ್ಣವೆಂದರೆ ಗೋಡೆಗೆ ಅಂಟಿಸಿದ ಭಿತ್ತಿಪತ್ರದ ಹಾಗೆ, ‘ಈ ಜಾಗಕ್ಕೆ ಒಡೆಯನಿದ್ದಾನೆ’ ಎಂದು ಅದೇ ಜಾತಿಯ ಇನ್ನೊಂದಕ್ಕೆ ದೂರದಿಂದಲೇ ತಿಳಿಸುತ್ತದೆ ಎಂದು 1963ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಒಂದೇ ಕಸುಬಿನ ಇಬ್ಬರು ಒಂದೇ ಬೀದಿಯಲ್ಲಿ ಅಂಗಡಿ ಇಟ್ಟರೆ ಪೈಪೋಟಿ, ದರ್ಜಿಯೂ ಕ್ಷೌರಿಕನೂ ಅಕ್ಕಪಕ್ಕ ಇದ್ದರೆ ಏನೂ ಇಲ್ಲ, ತರ್ಕ ಅಷ್ಟೇ.

ಲೊರೆಂಟ್ಸ್ ಹೇಳಿದ್ದು ಇಷ್ಟಕ್ಕೇ ನಿಲ್ಲುವುದಾದರೆ ಆ ಹುಡುಗನ ತೊಟ್ಟಿಯಲ್ಲಿ ಶಾಂತಿ ಇರಬೇಕಿತ್ತು. ಇಲ್ಲದಿರುವುದಕ್ಕೆ ಕಾರಣ ಕಸುಬಿನಲ್ಲೇ ಇದೆ. ಕುಬ್ಜ ಏಂಜೆಲ್‌ಗಳ ಬಣ್ಣ ಎಷ್ಟೇ ಬೇರೆಯಾಗಿರಲಿ, ಕಸುಬು ಒಂದೇ. ಬಂಡೆಯ ಮೇಲಿನ ತೆಳು ಪಾಚಿಯನ್ನೂ ಅದರಲ್ಲಿ ಸಿಕ್ಕಿಕೊಂಡ ಕಸವನ್ನೂ ಬೆಳಗಿನಿಂದ ಸಂಜೆವರೆಗೆ ಕುಟುಕುವುದು, ಹೆದರಿದಾಗ ಸಂದಿಗೆ ನುಗ್ಗುವುದು. ಮೈಕಟ್ಟೂ ಒಂದೇ ತೆರನಾದದ್ದು. ಊಟ ಕಸಿಯುವವರು ಪರಜಾತಿಯವರಾದರೂ ಅಟ್ಟಿಬಿಡುವ ಮೀನುಗಳು ಹವಳದ ದಿಬ್ಬದಲ್ಲಿ ಹಲವಿವೆ.

ಜಾತಿಯ ಗೆರೆಯೂ ಇವುಗಳಲ್ಲಿ ಅಷ್ಟು ಗಟ್ಟಿಯಲ್ಲ. ಲೊರೆಂಟ್ಸ್ ಅವರ ಶಿಷ್ಯ ಐಬ್ಲ್-ಐಬೆಸ್‌ಫೆಲ್ಟ್ 1957–58ರಲ್ಲಿ ಮಾಲ್ಡೀವ್ಸ್, ನಿಕೋಬಾರ್ ದ್ವೀಪಗಳ ಕಡೆ ಹೋದ ಕ್ಸಾರಿಫಾ ಹಡಗಿನ ಯಾತ್ರೆಯಲ್ಲಿದ್ದರು. ಬೂದುಬಣ್ಣದ ಮೈಮೇಲೆ ಕಿತ್ತಳೆ ಗೆರೆಗಳ ಒಂದು ಕುಬ್ಜ ಏಂಜೆಲ್‌ಗೆ 1963ರಲ್ಲಿ ಅವರ ಹೆಸರನ್ನೇ ಇಟ್ಟು ಐಬ್ಲೈ ಎಂದು ಕರೆಯಲಾಯಿತು. ಗುರುವಿನ ಪುಸ್ತಕ ಬಂದದ್ದೂ ಅದೇ ವರ್ಷ. ಜಾವಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿರುವ ಕ್ರಿಸ್‌ಮಸ್ ದ್ವೀಪದ ಸುತ್ತ ಈ ಐಬ್ಲೈ, ಹಳದಿಯ ಲೆಮನ್‌ಪೀಲ್ ಮತ್ತು ವ್ರೊಲಿಕಿ ಎಂಬ ಮೂರನೆಯದು ಒಟ್ಟಿಗೆ ಸಿಗುತ್ತವೆ. ಅಲ್ಲಿ ಅವು ತಮ್ಮತಮ್ಮಲ್ಲೇ ಕೂಡಿ ಮಿಶ್ರತಳಿಯ ಮರಿಗಳನ್ನು ಹುಟ್ಟಿಸುತ್ತವೆ. ಒಂದು ಮೀನು ಇನ್ನೊಂದನ್ನು ತನ್ನ ಜೋಡಿ ಎಂದು ಒಪ್ಪಬಲ್ಲುದಾದರೆ ತನ್ನ ಎದುರಾಳಿ ಎಂದು ಬಗೆಯುವುದರಲ್ಲಿ ಆಶ್ಚರ್ಯವೇನಿದೆ?

ಇನ್ನೂ ಕುತೂಹಲದ ಸಂಗತಿ ಮುಂದಿದೆ. ಈ ಮೀನುಗಳು ಹೆಣ್ಣಾಗಿ ಬೆಳೆದು, ಕೆಲವು ಮಾತ್ರ ಆಮೇಲೆ ಗಂಡಾಗುತ್ತವೆ. ಒಂದು ಗಂಡಿನ ವಶದಲ್ಲಿ ಕೆಲವು ಹೆಣ್ಣುಗಳಿರುತ್ತವೆ. ಗಂಡು ಸತ್ತರೆ ಹೆಣ್ಣುಗಳಲ್ಲಿ ದೊಡ್ಡದು ಕೆಲವೇ ವಾರಗಳಲ್ಲಿ ಗಂಡಾಗಿ ಬದಲಾಗಿ ಯಜಮಾನಿಕೆ ವಹಿಸಿಕೊಳ್ಳುತ್ತದೆ. ಜಪಾನಿನ ಮಿಯಾಕೆಜಿಮಾ ದ್ವೀಪದಲ್ಲಿ ಮೋಯರ್ ಮತ್ತು ನಕಜೊನೊ ಎಂಬ ವಿಜ್ಞಾನಿಗಳು ಒಂದು ಕುಬ್ಜ ಏಂಜೆಲ್‌ನ ಈ ಸಂಸಾರವನ್ನು ಕಣ್ಣಾರೆ ಕಂಡು 1978ರಲ್ಲಿ ವರದಿ ಮಾಡಿದರು. ಗಂಡಾದದ್ದು ಮತ್ತೆ ಹೆಣ್ಣಾಗುವುದೂ ಕೆಲವು ಪ್ರಭೇದಗಳಲ್ಲಿ ಕಂಡುಬಂದಿದೆ, ಅದು ಅಪರೂಪ.

ಇದರಿಂದ ಮೀನು ಸಾಕುವವರಿಗೆ ಸಿಗುವ ಪಾಠ ಮೇಲ್ನೋಟಕ್ಕೆ ತಲೆಕೆಳಗಾಗಿ ತೋರುತ್ತದೆ. ಒಂದೇ ಪ್ರಭೇದದ ಒಂದು ದೊಡ್ಡದು, ಒಂದು ಚಿಕ್ಕದು ತಂದರೆ ಮೊದಲ ಕೆಲವು ದಿನ ಅಟ್ಟಾಟವಿರುತ್ತದೆ. ಆಮೇಲೆ ದೊಡ್ಡದು ಗಂಡಾಗಿ, ಚಿಕ್ಕದು ಹೆಣ್ಣಾಗಿಯೇ ಉಳಿದು ಎಷ್ಟೋ ಸಲ ಜಗಳ ಸಂಸಾರದಲ್ಲಿ ಮುಗಿಯುತ್ತದೆ. (ಎರಡೂ ಆಗಲೇ ಗಂಡಾಗಿದ್ದರೆ ಮಾತ್ರ ದೇವರೇ ಗತಿ.) ಫ್ಲೇಮ್‌ಗೂ ಕೋರಲ್ ಬ್ಯೂಟಿಗೂ ಇಂಥ ರಾಜಿಯ ದಾರಿ ಸುಲಭವಾಗಿ ಸಿಗುವುದಿಲ್ಲ. ಸೋತದ್ದು ಸೋತೇ ಇರಬೇಕು, ದಿನವೂ.

ಸಮುದ್ರದಲ್ಲಾದರೆ ಸೋತ ಮೀನು ನಾಲ್ಕು ಮಾರು ದೂರ ಓಡಿಹೋಗುತ್ತದೆ, ಗೆದ್ದದ್ದು ಗಡಿಯ ತನಕ ಅಟ್ಟಿ ಹಿಂದಿರುಗುತ್ತದೆ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲದ ತೊಟ್ಟಿಯ ನೆಲ ಎಷ್ಟಾಯಿತು? ಆರು ಚದರ ಅಡಿ, ಅಂದರೆ ಅರ್ಧ ಚದರ ಮೀಟರಿಗಿಂತ ತುಸು ಹೆಚ್ಚು. ಕಡಲಿನಲ್ಲಿ ಒಂದು ಮೀನು ಹಲವು ಚದರ ಮೀಟರುಗಳ ಬಂಡೆಯನ್ನು ತನ್ನದೆನ್ನುತ್ತದೆ. ಗಾಜಿನೊಳಗೆ ಗಡಿಯೇ ಇಲ್ಲ, ಎಲ್ಲಿ ಓಡಿದರೂ ಅದು ಗೆದ್ದವನ ಅಂಗಳವೇ. ಹೆದರಿ ಬಡಕಲಾದ ಮೀನಿಗೆ ಬಿಳಿ ಚುಕ್ಕೆಯ ರೋಗವೂ ಬೇಗ ಅಂಟುತ್ತದೆ, ಅದು ತೊಟ್ಟಿಯ ಉಳಿದವಕ್ಕೂ ಹರಡುತ್ತದೆ.

ಸತ್ತರೆ ಇನ್ನೊಂದು ತಂದರಾಯಿತು ಎನ್ನುವವರಿದ್ದಾರೆ. ಕಾಸಿನ ಮಾತು ಹಾಗಿರಲಿ. ಅಂಗಡಿಗೆ ಬರುವ ಕುಬ್ಜ ಏಂಜೆಲ್‌ಗಳಲ್ಲಿ ಹೆಚ್ಚಿನವು ಕಡಲಿನಲ್ಲಿ ಹಿಡಿದವೇ. ಇವುಗಳ ಮೊಟ್ಟೆ ನೀರಿನಲ್ಲಿ ತೇಲಿಹೋಗುತ್ತವೆ. ಮೊಟ್ಟೆಯೊಡೆದ ಮರಿಯ ಬಾಯಿಗೆ ಹಿಡಿಸುವಷ್ಟು ಸಣ್ಣ ಆಹಾರವನ್ನು ಒದಗಿಸಿ ಸಾಕುವುದು 2000ದ ಆಚೀಚೆ ಹವಾಯಿಯಲ್ಲಿ ಸಾಧ್ಯವಾಯಿತಾದರೂ ಆ ಕೆಲಸ ಇಂದಿಗೂ ದುಬಾರಿ. ಫಿಲಿಪ್ಪೀನ್ಸ್‌ನಲ್ಲಿ 1960ರ ದಶಕದಲ್ಲಿ ಶುರುವಾದ ಇನ್ನೊಂದು ಪದ್ಧತಿಯಂತೂ ಕ್ರೂರ. ಹವಳದ ಸಂದಿಗೆ ಸೋಡಿಯಂ ಸಯನೈಡ್ ದ್ರಾವಣ ಚಿಮುಕಿಸಿ, ಮತ್ತು ಬಂದಂತಾದ ಮೀನನ್ನು ಎತ್ತಿಕೊಳ್ಳುವುದು. ಕಾನೂನು ಅದನ್ನು ನಿಷೇಧಿಸಿದೆ, ಆದರೂ ಪೂರ್ತಿ ನಿಂತಿಲ್ಲ. ಹಾಗೆ ಹಿಡಿದ ಮೀನು ಅಂಗಡಿಯಲ್ಲಿ ಚೆನ್ನಾಗಿಯೇ ಕಂಡು ಮನೆಗೆ ಬಂದ ಮೇಲೆ ಸಾಯುವುದುಂಟು. ಆದ್ದರಿಂದ ಕೊಳ್ಳುವ ಮುನ್ನ ‘ಇದರ ಮುಂದೆ ಒಂದು ಸಲ ಆಹಾರ ಹಾಕಿ ತೋರಿಸಿ’ ಎಂದು ಕೇಳಲು ಸಂಕೋಚ ಬೇಡ.

ಸಾಧಾರಣ ಮನೆಯ ತೊಟ್ಟಿಗೆ ಒಂದೇ ಕುಬ್ಜ ಏಂಜೆಲ್ ಸಾಕು. ಎರಡು ಪ್ರಭೇದ ಬೇಕೇ ಬೇಕು ಎಂಬ ಹಟವಿದ್ದರೆ ಕನಿಷ್ಠ ನಾನೂರು ಲೀಟರಿನ ತೊಟ್ಟಿ ಇರಲಿ, ಬಂಡೆಗಳಲ್ಲಿ ಎರಡು ಬಾಯಿಯ ಗವಿಗಳು ಹಲವಿರಲಿ. ಒಂದೇ ಬಾಯಿಯ ಗವಿ ಬೋನಿದ್ದಂತೆ. ಬಣ್ಣದಲ್ಲೂ ಗಾತ್ರದಲ್ಲೂ ಸಾಕಷ್ಟು ವ್ಯತ್ಯಾಸವಿರುವವನ್ನು ಆರಿಸಿ, ಎರಡನ್ನೂ ಒಂದೇ ದಿನ ಬಿಡಬೇಕು. ಅದಾಗದಿದ್ದರೆ ಸಾಧುವಾದದ್ದು ಮೊದಲು, ಜೋರಿನದು ಆಮೇಲೆ. ಕೋರಲ್ ಬ್ಯೂಟಿ ಸಾಮಾನ್ಯವಾಗಿ ಸಾಧು ಎನ್ನುತ್ತಾರೆ, ಫ್ಲೇಮ್ ಮತ್ತು ಲೆಮನ್‌ಪೀಲ್ ಜೋರು. ಆದರೆ ಒಂದೇ ತರಗತಿಯ ಮಕ್ಕಳ ಹಾಗೆ ಇಲ್ಲೂ ಒಂದೊಂದರ ಸ್ವಭಾವ ಒಂದೊಂದು. ಹೊಸದನ್ನು ತೂತುಗಳಿರುವ ಪಾರದರ್ಶಕ ಡಬ್ಬಿಯಲ್ಲಿಟ್ಟು ಒಂದು ವಾರ ತೊಟ್ಟಿಯೊಳಗೆ ತೂಗುಹಾಕಿದರೆ ಹಳೆಯದು ಗಾಜಿಗೆ ಗುದ್ದಿ ಗುದ್ದಿ ಸುಸ್ತಾಗುತ್ತದೆ. ಬಿಡುವ ದಿನ ಬಂಡೆಗಳನ್ನು ಸರಿಸಿ ಮರುಜೋಡಿಸಬೇಕು. ಹಳೆಯದಕ್ಕೂ ತನ್ನ ಮನೆ ಎಲ್ಲಿ ಎಂದು ಹುಡುಕುವ ಕೆಲಸ ಬಿದ್ದರೆ ಹೊಡೆದಾಟಕ್ಕೆ ಪುರಸೊತ್ತು ಕಡಿಮೆ.

ಇಷ್ಟಾದರೂ ರೆಕ್ಕೆ ಹರಿದರೆ, ಒಂದು ಮೀನು ಎರಡು ದಿನ ಊಟ ಬಿಟ್ಟರೆ, ಕಾಯುವುದರಲ್ಲಿ ಅರ್ಥವಿಲ್ಲ. ಎಲ್ಲರೂ ಪೆಟ್ಟು ತಿಂದದ್ದನ್ನು ಹೊರತೆಗೆಯುತ್ತಾರೆ. ತೆಗೆಯಬೇಕಾದ್ದು ಹೊಡೆದದ್ದನ್ನು. ಅದು ಎರಡು ವಾರ ಡಬ್ಬಿಯಲ್ಲಿದ್ದು ಬರುವಷ್ಟರಲ್ಲಿ ಸೋತದ್ದು ಚೇತರಿಸಿಕೊಂಡು ಬಂಡೆಗಳನ್ನು ಪರಿಚಯ ಮಾಡಿಕೊಂಡಿರುತ್ತದೆ, ಈಗ ಹೊಸಬನಾಗಿ ಬರುವ ಸರದಿ ಗೆದ್ದವನದು. ಹಿಡಿಯಲು ಬಲೆ ಮಾತ್ರ ಬೇಡ; ಕೆನ್ನೆಯ ಮುಳ್ಳು ಎಳೆಗೆ ಸಿಕ್ಕಿಕೊಂಡರೆ ಬಿಡಿಸುವಾಗ ಮೀನಿಗೂ ಬೆರಳಿಗೂ ಗಾಯ. ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಂದು ಚೂರು ಸಿಗಡಿ ಇಟ್ಟು ಕಾದರೆ, ಯಾರಿಗೂ ಹೆದರದ ಆ ಜೋರಿನ ಮೀನೇ ಮೊದಲು ಒಳಗೆ ಬರುತ್ತದೆ.