ಪೊರೆ ಕಳೆಯುವುದು, ಪೊರೆಯುವುದು

ಕನ್ನಡದಲ್ಲಿ ‘ಪೊರೆ’ ಎಂಬ ಮಾತಿಗೆ ಎರಡು ಬಾಳುಗಳಿವೆ. ನಾಮಪದವಾದಾಗ ಅದು ತೆಳ್ಳನೆಯ ಪದರ. ಹಾವು ಕಳಚುವುದು ಪೊರೆ, ಮುಪ್ಪಿನಲ್ಲಿ ಕಣ್ಣನ್ನು ಕವಿಯುವುದೂ ಪೊರೆ. ಕ್ರಿಯಾಪದವಾದಾಗ ಅದೇ ಮಾತು ಕಾಪಾಡು, ಸಲಹು ಎಂಬ ಅರ್ಥವನ್ನು ತಾಳುತ್ತದೆ; ತಾಯಿ ಮಗುವನ್ನು ಪೊರೆಯುತ್ತಾಳೆ, ಅರಸು ನಾಡನ್ನು ಪೊರೆಯುತ್ತಾನೆ. ಇವೆರಡರ ಧಾತು ಒಂದೆಯೋ ಬೇರೆಯೋ ಎಂಬ ಚರ್ಚೆಯನ್ನು ನಿಘಂಟುಕಾರರಿಗೆ ಬಿಡೋಣ. ಆದರೆ ಈ ಎರಡು ಅರ್ಥಗಳೂ ಒಂದೇ ವಸ್ತುವಿನಲ್ಲಿ ಕೂಡಿಬಂದಿರುವುದನ್ನು ಕಾಣಬೇಕಾದರೆ ಕೋಶವನ್ನು ತೆರೆಯಬೇಕಾಗಿಲ್ಲ. ಹತ್ತು ವರ್ಷ ಬಿಸಿಲುಂಡ ಯಾವುದಾದರೂ ಮೋಟಾರು ಕಾರಿನ ಮುಂದೆ ನಿಂತು ಅದರ ದೀಪಗಳನ್ನು ನೋಡಿದರೆ ಸಾಕು.

ಸಂತೇಬೆನ್ನೂರಿನಲ್ಲಿ ಇಂಥ ನೋಟಕ್ಕೆ ಕೊರತೆಯಿಲ್ಲ. 16ನೆಯ ಶತಮಾನದಲ್ಲಿ ಪಾಳೆಯಗಾರ ಹನುಮಪ್ಪ ನಾಯಕ ಕಟ್ಟಿಸಿದ ಪುಷ್ಕರಣಿಯನ್ನು ನೋಡಲು ರಜಾದಿನಗಳಲ್ಲಿ ಕಾರುಗಳು ಬಂದು ನಿಲ್ಲುತ್ತವೆ. ಬಂದವರೆಲ್ಲ ನೀರಿನ ನಡುವಣ ವಸಂತಮಂಟಪದ ಕಡೆಗೆ ಮುಖಮಾಡಿರುವಾಗ, ಹಿಂದಿರುಗಿ ಆ ಕಾರುಗಳ ಮುಖವನ್ನು ನೋಡಿದರೆ ಹಲವುಗಳ ಕಣ್ಣು ಮಂಜಾಗಿರುತ್ತದೆ. ಕೆಲವಕ್ಕೆ ಮಜ್ಜಿಗೆಯ ಬಣ್ಣ, ಕೆಲವಕ್ಕೆ ಹಳೆಯ ಕಾಗದದ ಬಣ್ಣ. ಪಟ್ಟಣದಲ್ಲಿ ಹತ್ತು ವರ್ಷ ದುಡಿದ ಕಾರು ಎರಡನೆಯ ಅಥವಾ ಮೂರನೆಯ ಒಡೆಯನನ್ನು ಅರಸಿ ನಮ್ಮ ಕಡೆಗೆ ಬರುವುದು ಈಗಿನ ವಾಡಿಕೆ. ಹೊಸ ಒಡೆಯ ಎಂಜಿನ್ನಿನ ಸದ್ದನ್ನು ಆಲಿಸುತ್ತಾನೆ, ಟೈರುಗಳನ್ನು ಒತ್ತಿ ನೋಡುತ್ತಾನೆ, ಸೀಟುಗಳಿಗೆ ಹೊದಿಕೆ ಹಾಕಿಸುತ್ತಾನೆ, ಆಯುಧಪೂಜೆಗೆ ಬಾಳೆಕಂದು ಕಟ್ಟುತ್ತಾನೆ. ದೀಪವನ್ನು ಮಾತ್ರ ಒಮ್ಮೆ ಹಾಕಿ, ಉರಿಯುತ್ತದೆ ಎಂದು ತಿಳಿದು ಆರಿಸಿಬಿಡುತ್ತಾನೆ. ಉರಿಯುವುದು ಬೇರೆ, ಬೆಳಗುವುದು ಬೇರೆ ಎಂಬುದು ಅವನಿಗೆ ತೋರುವುದಿಲ್ಲ.

ಹಗಲಿನಲ್ಲಿ ಇದು ಅಂದಚೆಂದದ ಮಾತಾಗಿ ಕಾಣಬಹುದು. ರಾತ್ರಿಯಲ್ಲಿ ಇದು ಪ್ರಾಣದ ಮಾತು. ಭದ್ರಾ ನಾಲೆಯ ನೀರು ಹರಿಯುವ ನಮ್ಮ ಸೀಮೆಯಲ್ಲಿ ಸುಗ್ಗಿಯ ಕಾಲಕ್ಕೆ ಡಾಂಬರು ರಸ್ತೆಯೇ ಕಣವಾಗುತ್ತದೆ. ಒಂದು ಮಗ್ಗುಲಿಗೆ ಮೆಕ್ಕೆಜೋಳವನ್ನು ಹರವಿ, ಅದರ ಕಾವಲಿಗೆ ಅಂಚಿನುದ್ದಕ್ಕೂ ಕಲ್ಲುಗಳನ್ನು ಇಟ್ಟಿರುತ್ತಾರೆ. ಹಿಂಬದಿಯಲ್ಲಿ ಕೆಂಪು ದೀಪವಿಲ್ಲದ ಟ್ರ್ಯಾಕ್ಟರು ಹುಲ್ಲಿನ ಹೊರೆಯನ್ನು ಹೇರಿಕೊಂಡು ನಡುರಸ್ತೆಯಲ್ಲಿ ಸಾಗುತ್ತಿರುತ್ತದೆ. ಕರಿಯ ಕಂಬಳಿ ಹೊದ್ದ ಕುರಿಗಾಹಿ, ರಾತ್ರಿ ಕರೆಂಟು ಬಂದಾಗ ಪಂಪು ಹಾಕಲು ತೋಟಕ್ಕೆ ನಡೆಯುವ ರೈತ, ಕಡೆಯ ಬಸ್ಸಿಳಿದು ಮನೆಗೆ ಹೋಗುತ್ತಿರುವ ವಿದ್ಯಾರ್ಥಿ—ಇವರಲ್ಲಿ ಯಾರಿಗೂ ತಮ್ಮದೆಂಬ ಬೆಳಕಿಲ್ಲ. ಬರುತ್ತಿರುವ ವಾಹನದ ದೀಪ ತಮ್ಮ ಮೇಲೆ ಬಿದ್ದಾಗಲೇ ಅವರು ಚಾಲಕನ ಪಾಲಿಗೆ ಹುಟ್ಟುವುದು. ರಸ್ತೆಯಲ್ಲಿ ಒಕ್ಕಣೆ ಮಾಡುವುದು ಸರಿಯೇ ಎಂಬುದು ಬೇರೆ ವಿಚಾರ. ಅದು ತಪ್ಪೆಂದೇ ಇಟ್ಟುಕೊಂಡರೂ ಆ ತಪ್ಪಿಗೆ ಮರಣದಂಡನೆ ಸಲ್ಲದು.

ಲೆಕ್ಕವನ್ನು ಸ್ವಲ್ಪ ನೋಡೋಣ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿರುವ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರು ಮುಂದೆ ಹೋಗುತ್ತದೆ. ಅಡ್ಡಿಯನ್ನು ಕಂಡು, ಅದೇನೆಂದು ತಿಳಿದು, ಕಾಲು ಬ್ರೇಕನ್ನು ಒತ್ತುವುದರೊಳಗೆ ಒಂದು ಒಂದೂವರೆ ಸೆಕೆಂಡು ಕಳೆದಿರುತ್ತದೆ. ಒತ್ತಿದ ಮೇಲೂ ಕಾರು ನಿಲ್ಲಲು ಒಣ ರಸ್ತೆಯಲ್ಲೇ ಇಪ್ಪತ್ತು ಮೀಟರಿನಷ್ಟು ಬೇಕು. ಎಲ್ಲ ಕೂಡಿ ನಲವತ್ತು ಮೀಟರಿನ ಆಚೀಚೆ ಆಯಿತು. ಇನ್ನು ಬೆಳಕಿನ ಮಾತು. ಬೆಳಕು ದೂರ ಹೋದಂತೆ ದೂರದ ವರ್ಗಕ್ಕೆ ತಕ್ಕಂತೆ ಕ್ಷೀಣಿಸುತ್ತದೆಂದು ಪ್ರೌಢಶಾಲೆಯ ಪಾಠದಲ್ಲೇ ಓದಿದ್ದೇವೆ. ಆದುದರಿಂದ ದೀಪದ ಬಲ ಕಾಲುಭಾಗಕ್ಕೆ ಇಳಿದರೆ, ಹಿಂದೆ ನಲವತ್ತು ಮೀಟರಿನಲ್ಲಿ ಕಾಣುತ್ತಿದ್ದ ಮನುಷ್ಯ ಈಗ ಅಷ್ಟೇ ಸ್ಪಷ್ಟವಾಗಿ ಕಾಣುವುದು ಇಪ್ಪತ್ತರಲ್ಲಿ. ನಿಲ್ಲಲು ನಲವತ್ತು ಬೇಕು, ಕಾಣುವುದು ಇಪ್ಪತ್ತು. ಕಾಲುಭಾಗವೆಂಬುದು ಅತಿಶಯೋಕ್ತಿಯಲ್ಲ: ಅಮೆರಿಕದ ಮೋಟಾರು ಸಂಘವು 2018ರಲ್ಲಿ ಪರೀಕ್ಷಿಸಿ ನೋಡಿದಾಗ, ತೀರ ಮಬ್ಬಾದ ದೀಪಗಳು ಹೊಸದರ ಐದನೆಯ ಒಂದು ಪಾಲಿನಷ್ಟು ಬೆಳಕನ್ನು ಮಾತ್ರ ಕೊಡುತ್ತಿದ್ದವು.

ಈ ಮಬ್ಬು ಎಲ್ಲಿಂದ ಬಂದಿತು? ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾರುಗಳನ್ನು ಕಂಡವರಿಗೆ ಅವುಗಳ ದುಂಡು ದೀಪಗಳು ನೆನಪಿರಬಹುದು. ಅವುಗಳ ಮುಖ ಗಾಜಿನದು. ಕಲ್ಲು ಸಿಡಿದರೆ ಗಾಜು ಒಡೆಯುತ್ತಿತ್ತೇ ಹೊರತು ಹಳದಿಯಾಗುತ್ತಿರಲಿಲ್ಲ. 1953ರಲ್ಲಿ ಜರ್ಮನಿಯ ಹರ್ಮನ್ ಶ್ನೆಲ್, ಅಮೆರಿಕದ ಡೇನಿಯಲ್ ಫಾಕ್ಸ್ ಎಂಬ ರಸಾಯನಶಾಸ್ತ್ರಜ್ಞರು ಒಬ್ಬರ ಕೆಲಸ ಮತ್ತೊಬ್ಬರಿಗೆ ತಿಳಿಯದೆಯೇ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕನ್ನು ಕಂಡುಹಿಡಿದರು. ಗಾಜಿನಂತೆ ಪಾರದರ್ಶಕ, ಗಾಜಿಗಿಂತ ಹಗುರ, ಸುಲಭವಾಗಿ ಒಡೆಯದು, ಬೇಕಾದ ಆಕಾರಕ್ಕೆ ಎರಕಹೊಯ್ಯಬಹುದು. ಅಮೆರಿಕದಲ್ಲಿ 1983ರಲ್ಲಿ ನಿಯಮಗಳು ಸಡಿಲವಾದ ಮೇಲೆ ಕಾರಿನ ದೀಪಕ್ಕೆ ಅದು ಮುಖವಾಯಿತು. ಮುಂದೆ ಲೋಕದ ಬೇರೆ ಕಡೆಗಳಿಗೂ ಹರಡಿತು. ಆದರೆ ಅದಕ್ಕೆ ಎರಡು ದೌರ್ಬಲ್ಯಗಳಿವೆ. ಮೈ ಮೆದು, ಧೂಳಿನ ಕಣಗಳಿಂದಲೇ ಗೀರುಬೀಳುತ್ತದೆ. ಬಿಸಿಲಿನ ಅತಿನೇರಳೆ ಕಿರಣಗಳು ತಾಗಿದರೆ ಅದರ ಅಣುಗಳ ಬಂಧ ಸಡಿಲಿ ಹಳದಿಗಟ್ಟುತ್ತದೆ. ಇದನ್ನು ಬಲ್ಲ ತಯಾರಕರು ಕಾರ್ಖಾನೆಯಲ್ಲೇ ಅದರ ಮೇಲೆ ಕೂದಲೆಳೆಗಿಂತ ತೆಳುವಾದ ಗಟ್ಟಿ ಲೇಪವೊಂದನ್ನು ಕೊಡುತ್ತಾರೆ. ಇದೇ ಪೊರೆಯುವ ಪೊರೆ. ವರ್ಷಗಟ್ಟಲೆ ಬಿಸಿಲನ್ನು ತಾನು ಉಂಡು ದೀಪವನ್ನು ಕಾಯುತ್ತದೆ. ಕಡೆಗೆ ತಾನೇ ಸವೆದು, ಬಿರಿದು, ಕಣ್ಣಿನ ಪೊರೆಯಾಗಿ ನಿಲ್ಲುತ್ತದೆ.

ಮಬ್ಬಾದ ದೀಪ ಜನಕ್ಕೆ ಹೊಸದಲ್ಲ. ಕರೆಂಟು ಬರುವ ಮುಂಚೆ ಸಂಜೆಯಾಗುತ್ತಲೇ ಲಾಂದ್ರದ ಗಾಜನ್ನು ಬೂದಿ ಹಾಕಿ, ಹಳೆಯ ಬಟ್ಟೆಯಿಂದ ಉಜ್ಜಿಡುವುದು ಪ್ರತಿ ಮನೆಯ ಮಕ್ಕಳ ಪಾಲಿನ ಕೆಲಸವಾಗಿತ್ತು. ಸಣ್ಣ ಕೈ ಮಾತ್ರ ಅದರೊಳಗೆ ಹೋಗುತ್ತಿತ್ತು. ಅಂದಿನ ಮಸಿ ಒಂದೇ ರಾತ್ರಿಯಲ್ಲಿ ಕೂಡುತ್ತಿದ್ದುದರಿಂದ ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಇಂದಿನ ಮಬ್ಬು ದಿನಕ್ಕೊಂದಿಷ್ಟು ಕವಿಯುವುದರಿಂದ ದಿನವೂ ಆ ಕಾರಿನಲ್ಲೇ ಹೋಗುವವನಿಗೆ ತಿಳಿಯುವುದಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯುಂಟು. ಇಲ್ಲಿ ಕತ್ತಲೆ ದೀಪದ ಮುಂದೆಯೇ ಇದೆ.

ತಿಳಿದ ಮೇಲೆ ಜನ ಮಾಡುವ ಪರಿಹಾರಗಳಾದರೂ ಎಂಥವು? ಮೊದಲನೆಯದು, ಒಳಗೆ ಇನ್ನೂ ಪ್ರಖರವಾದ ಬಲ್ಬನ್ನು ಹಾಕಿಸುವುದು. ಇದು ಪೊರೆ ಬಂದ ಕಣ್ಣಿಗೆ ಕಾಡಿಗೆ ತೀಡಿದಂತೆ. ಮಬ್ಬಾದ ಮುಖದಿಂದ ಹೊರಬರುವ ಬೆಳಕು ನೇರವಾಗಿ ಹೋಗದೆ ಚದರುತ್ತದೆ. ಬಲ್ಬಿನ ಬಲ ಹೆಚ್ಚಿದಷ್ಟೂ ಚದರುವ ಬೆಳಕೂ ಹೆಚ್ಚಿ, ಎದುರಿನಿಂದ ಬರುವವರ ಕಣ್ಣನ್ನು ಕುಕ್ಕುತ್ತದೆ. ಎದುರಿನವರಿಗೆ ಕಣ್ಣು ಕುಕ್ಕದಂತೆ ದೀಪ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೂ ವಿಧಿಸುತ್ತವೆ. ತನ್ನ ದೀಪವನ್ನು ಉಜ್ಜುವ ಬದಲು ಊರವರ ಕಣ್ಣು ಕಟ್ಟುವುದು ಯಾವ ನ್ಯಾಯ?

ಎರಡನೆಯದು ಟೂತ್‌ಪೇಸ್ಟಿನ ಪವಾಡ. ಹಲ್ಲುಜ್ಜುವ ಪೇಸ್ಟಿನಲ್ಲಿ ಸಣ್ಣ ಒರಟು ಪುಡಿ ಇರುವುದರಿಂದ, ತಿಕ್ಕಿದರೆ ಮೇಲಿನ ಹಳದಿ ಒಂದಿಷ್ಟು ಹೋಗುವುದು ನಿಜ. ಆದರೆ ಹೋಗುವುದರ ಜೊತೆಯಲ್ಲಿ ಅಳಿದುಳಿದ ಲೇಪವೂ ಹೋಗುತ್ತದೆ. ಬತ್ತಲಾದ ಪ್ಲಾಸ್ಟಿಕ್ಕನ್ನು ಬಿಸಿಲು ಮೊದಲಿಗಿಂತ ಬೇಗ ಹಿಡಿಯುತ್ತದೆ. ಹಳೆಯ ಕಾರುಗಳನ್ನು ಮಾರುವ ಕೆಲವು ದಲ್ಲಾಳಿಗಳ ಕೈಚಳಕವೂ ಇದೇ. ಮಾರುವ ದಿನ ಕನ್ನಡಿಯಂತೆ ಹೊಳೆಯುವ ದೀಪ ಒಂದು ಬೇಸಗೆ ಕಳೆಯುವುದರೊಳಗೆ ಮತ್ತೆ ಕುರುಡಾಗುತ್ತದೆ. ಇನ್ನು ಕೆಲವರು ಪೆಟ್ರೋಲು, ಥಿನ್ನರುಗಳಿಂದ ಒರೆಸುತ್ತಾರೆ. ಇವು ಪಾಲಿಕಾರ್ಬೊನೇಟಿನಲ್ಲಿ ಸೂಕ್ಷ್ಮವಾದ ಬಿರುಕುಗಳನ್ನು ಎಬ್ಬಿಸಬಲ್ಲವು; ಆ ಬಿರುಕಿಗೆ ಮದ್ದಿಲ್ಲ.

ಹಾಗಾದರೆ ಸರಿಯಾದ ಕ್ರಮ ಯಾವುದು? ಅದು ಯಾರೂ ಮನೆಯಂಗಳದಲ್ಲಿ ಒಂದು ಬೆಳಗಿನಲ್ಲಿ ಮಾಡಬಹುದಾದದ್ದು. ಮೊದಲು ದೀಪವನ್ನು ಸಾಬೂನಿನ ನೀರಿನಿಂದ ತೊಳೆದು ಒರೆಸಿ, ಮಬ್ಬು ಹೊರಗಿದೆಯೋ ಒಳಗಿದೆಯೋ ಎಂದು ನೋಡಬೇಕು. ಒಳಗೆ ನೀರಿನ ಹನಿ ಕಟ್ಟಿದ್ದರೆ ಅದು ಬೇರೆ ರೋಗ. ಹೊರಗಿನದಾದರೆ, ಸುತ್ತಲಿನ ಬಣ್ಣಕ್ಕೆ ಗೀರು ಬೀಳದಂತೆ ಅಂಟುಪಟ್ಟಿ ಹಚ್ಚಿ, ಬಣ್ಣದ ಅಂಗಡಿಯಲ್ಲಿ ಸಿಗುವ ವಾಟರ್ ಪೇಪರನ್ನು ನೀರಿನಲ್ಲಿ ನೆನೆಸಿ ಉಜ್ಜಬೇಕು. 800 ಅಥವಾ 1000 ನಂಬರಿನಿಂದ ಮೊದಲುಮಾಡಿ 1500, 2000, 3000 ಎಂದು ನಯವಾದುದಕ್ಕೆ ಏರಬೇಕು. ಕಾಗದವೂ ದೀಪವೂ ಒಂದು ಗಳಿಗೆಯೂ ಒಣಗಬಾರದು. ಒಂದು ನಂಬರಿನಲ್ಲಿ ಅಡ್ಡಡ್ಡ ಉಜ್ಜಿದರೆ ಮುಂದಿನದರಲ್ಲಿ ಉದ್ದುದ್ದ ಉಜ್ಜಿದಾಗ ಹಿಂದಿನ ಗೀರುಗಳು ಅಳಿದವೋ ಇಲ್ಲವೋ ತಿಳಿಯುತ್ತದೆ. ಮೊದಮೊದಲು ಹಳದಿಯ ನೀರು ಇಳಿಯುತ್ತದೆ. ಅದು ಹಾಲಿನಂತೆ ಬೆಳ್ಳಗಾದಾಗ ಹಳೆಯ ಲೇಪ ಹೋಯಿತೆಂದು ತಿಳಿಯಬೇಕು. ಈ ಹಂತದಲ್ಲಿ ದೀಪ ಮೊದಲಿಗಿಂತ ಮಬ್ಬಾಗಿ ಕಾಣುತ್ತದೆ. ನೋಡಿದವರು ಕೆಟ್ಟಿತೆಂದು ಹೆದರುವುದು ಇಲ್ಲಿಯೇ, ಹೆದರಬಾರದು. ನಯವಾದ ಕಾಗದಗಳ ಸರದಿ ಮುಗಿದ ಮೇಲೆ ಪಾಲಿಷಿನ ಕಾಂಪೌಂಡನ್ನು ಮೆತ್ತನೆಯ ಬಟ್ಟೆಯಿಂದ ತಿಕ್ಕಿದರೆ, ಮಂಜು ಸರಿದ ಕೆರೆಯಂತೆ ದೀಪ ತಿಳಿಯಾಗುತ್ತದೆ.

ಹತ್ತರಲ್ಲಿ ಒಂಬತ್ತು ಮಂದಿ ಇಲ್ಲಿಗೆ ಕೈ ತೊಳೆದುಕೊಳ್ಳುತ್ತಾರೆ. ನನ್ನ ವಾದವೆಲ್ಲ ಈ ಒಂದು ಜಾಗದಲ್ಲಿದೆ. ಪೊರೆ ಕಳೆದದ್ದು ಅರ್ಧ ಕೆಲಸ. ಹೊಸ ಪೊರೆಯನ್ನು ಕೊಟ್ಟಾಗಲೇ ಕೆಲಸ ಪೂರ್ತಿಯಾಗುವುದು. ಅತಿನೇರಳೆ ಕಿರಣವನ್ನು ತಡೆಯುವ ಪಾರದರ್ಶಕ ಲೇಪ ಅಂಗಡಿಯಲ್ಲಿ ಸಿಗುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ದೀಪವನ್ನು ಒರೆಸಿ, ಜಿಡ್ಡು ಕಳೆದು, ಧೂಳಿಲ್ಲದ ನೆರಳಿನಲ್ಲಿ ಅದನ್ನು ತೆಳುವಾಗಿ, ಸಮನಾಗಿ ಹಚ್ಚಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಒಣಗಲು ಬಿಡಬೇಕು. ನಮ್ಮ ಚನ್ನಗಿರಿ ತಾಲ್ಲೂಕಿನ ಅಡಿಕೆ ಬೆಳೆಗಾರರಿಗೆ ಈ ತತ್ತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸುಲಿದ ಹಸಿ ಅಡಿಕೆಯನ್ನು ಬೇಯಿಸುವಾಗ ಚೊಗರು ಹಾಕುವುದನ್ನು ಯಾರಾದರೂ ಮರೆಯುತ್ತಾರೆಯೇ? ಅಡಿಕೆಗೆ ಬಣ್ಣವೂ ಹೊಳಪೂ ಬರುವುದು ಅದರಿಂದಲೇ. ಸುಲಿಯುವುದು ಮುಗಿಯಿತೆಂದು ಅಡಿಕೆಯನ್ನು ಹಾಗೆಯೇ ಸಂತೆಗೆ ಒಯ್ಯದ ರೈತ, ಉಜ್ಜುವುದು ಮುಗಿಯಿತೆಂದು ದೀಪವನ್ನು ಮಾತ್ರ ಹಾಗೆಯೇ ಬಿಸಿಲಿಗೆ ಏಕೆ ಒಯ್ಯಬೇಕು?

ಇಷ್ಟೆಲ್ಲ ಶ್ರಮಕ್ಕಿಂತ ಹೊಸ ದೀಪವನ್ನೇ ಹಾಕಿಸಬಾರದೇ ಎಂದು ಕೇಳಬಹುದು. ಹಾಕಿಸಬಲ್ಲವರು ಹಾಕಿಸಲಿ, ಹಿಂದೆ ಹೇಳಿದ ಪರೀಕ್ಷೆಯಲ್ಲೇ ಉಜ್ಜಿ ತಿಳಿಮಾಡಿದ ದೀಪ ಹೊಸದರ ಸುಮಾರು ನೂರಕ್ಕೆ 70 ಪಾಲು ಬೆಳಕನ್ನು ಮಾತ್ರ ಕೊಟ್ಟಿತು. ಹೊಸದಕ್ಕೆ ಇದು ಸಾಟಿಯಲ್ಲ. ಒಡೆದ ದೀಪ, ಒಳಗಿನ ಬೆಳ್ಳಿಬಣ್ಣ ಸುಲಿದ ದೀಪ ಉಜ್ಜುವುದರಿಂದ ಸರಿಯಾಗುವುದೂ ಇಲ್ಲ. ಆದರೆ ನೂರಕ್ಕೆ ಇಪ್ಪತ್ತಕ್ಕೂ ಎಪ್ಪತ್ತಕ್ಕೂ ನಡುವಣ ಅಂತರದಲ್ಲಿ ಒಬ್ಬ ಮನುಷ್ಯ ನಡೆದುಹೋಗುವಷ್ಟು ಜಾಗವಿದೆ. ಹೊಸ ಜೋಡಿಗೆ ಸಾವಿರಗಟ್ಟಲೆ ಹಣ ತೆರಲಾರದವನು, ಕೆಲವು ನೂರು ರೂಪಾಯಿಗಳ ಸಾಮಾನಿನಿಂದ ಅಷ್ಟನ್ನು ಗಳಿಸಬಹುದಾದರೆ ಅವನಿಗೆ ನೆವ ಉಳಿಯುವುದಿಲ್ಲ.

ಸರ್ಕಾರಕ್ಕೂ ಒಂದು ಮಾತು ಹೇಳಬೇಕಾಗಿದೆ. ಬಾಡಿಗೆಯ ವಾಹನಗಳು ಯೋಗ್ಯತಾಪತ್ರಕ್ಕಾಗಿ ಆಗಾಗ ತಪಾಸಣೆಗೆ ನಿಲ್ಲಬೇಕು. ಸ್ವಂತದ ಕಾರಿಗಾದರೋ ಒಮ್ಮೆ ಮಾಡಿಸಿದ ನೋಂದಣಿ 15 ವರ್ಷ ನಡೆಯುತ್ತದೆ. ಆ ಹದಿನೈದು ವರ್ಷಗಳಲ್ಲಿ ಅದರ ದೀಪವನ್ನು ನೋಡುವ ಹೊಣೆ ಯಾರ ಮೇಲೂ ಇಲ್ಲ. ಮಬ್ಬು ಕವಿಯುವುದೂ ಆ ಅವಧಿಯಲ್ಲೇ. ಆದರೆ ಹೊಗೆಯ ತಪಾಸಣೆಗೆ ಎಲ್ಲ ಕಾರುಗಳೂ ವರ್ಷಕ್ಕೊಮ್ಮೆಯಾದರೂ ಹೋಗಲೇಬೇಕು. ಹಿಂದಿನ ಹೊಗೆಯನ್ನು ಅಳೆಯುವವನು ಮುಂದೆ ಬಂದು ಎರಡು ದೀಪಗಳ ಮೇಲೆ ಕಣ್ಣುಹಾಯಿಸಿ ಚೀಟಿಯಲ್ಲಿ ಒಂದು ಸಾಲು ಬರೆದರೆ ಆಗುವ ನಷ್ಟವೇನು? ದಂಡ ಬೇಡ, ಎಚ್ಚರಿಕೆ ಸಾಕು.

ಕಾನೂನು ಬರುವವರೆಗೆ ಕಾಯಬೇಕಾದ ಕೆಲಸ ಇದಲ್ಲ. ನಮ್ಮ ಕಾಲೇಜುಗಳ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಲ್ಲಿ ವಿದ್ಯಾರ್ಥಿಗಳು ರಸ್ತೆ ಗುಡಿಸುತ್ತಾರೆ, ಗಿಡ ನೆಡುತ್ತಾರೆ. ಸುಗ್ಗಿಗೆ ಮುನ್ನ ಒಂದು ಭಾನುವಾರ ಬಕೆಟ್ಟು, ವಾಟರ್ ಪೇಪರುಗಳೊಡನೆ ಊರಿನ ಕಾರು, ಬೈಕುಗಳ ದೀಪಗಳನ್ನು ಉಜ್ಜಿ, ಲೇಪವನ್ನೂ ತಪ್ಪದೆ ಹಚ್ಚಿಕೊಟ್ಟರೆ ಅದಕ್ಕಿಂತ ನೇರವಾದ ಸೇವೆ ಮತ್ತೊಂದಿಲ್ಲ. ಕಡೆಯ ಬಸ್ಸಿಳಿದು ಕತ್ತಲಲ್ಲಿ ನಡೆಯುವವರು ಅವರೇ ಅಲ್ಲವೇ? ಇನ್ನೊಬ್ಬರ ದೀಪ ತಿಳಿಯಾಗಿರಬೇಕೆಂದು ಬಯಸುವ ಹಕ್ಕು ಅವರಿಗಿಂತ ಹೆಚ್ಚಾಗಿ ಯಾರಿಗಿದೆ?