ಟವರ್ ಇಲ್ಲದೆಯೂ ಮೆಸೇಜ್ ಹೋಗುತ್ತದೆಯೇ? ಹೋಗುತ್ತದೆ, ಆದರೆ ಎಷ್ಟು ದೂರ?

ಮಳೆಗಾಲ ಶುರುವಾದರೆ ವಾಟ್ಸಾಪ್ ಗುಂಪುಗಳಲ್ಲಿ ಇಂಥದ್ದೊಂದು ಸಲಹೆ ಹರಿದಾಡುತ್ತದೆ: ‘ಈ ಆ್ಯಪ್ ಹಾಕಿಕೊಳ್ಳಿ, ಟವರ್ ಬಿದ್ದರೂ ಸಂದೇಶ ಊರಿಂದ ಊರಿಗೆ ಮುಟ್ಟುತ್ತದೆ.’ ಇದು ಪೂರ್ತಿ ಸುಳ್ಳಲ್ಲ. ಅರ್ಧ ನಿಜವಾಗಿರುವುದರಿಂದಲೇ ಅಪಾಯ.

ಫೋನ್‌ಗಳು ಬ್ಲೂಟೂತ್ ಅಥವಾ ವೈಫೈ ಮೂಲಕ ಟವರ್‌ನ ಹಂಗಿಲ್ಲದೆ ನೇರವಾಗಿ ಸಂಪರ್ಕಿಸಬಲ್ಲವು. ನನ್ನ ಫೋನಿನಿಂದ ನಿಮ್ಮದಕ್ಕೆ, ನಿಮ್ಮದರಿಂದ ಪಕ್ಕದವರದಕ್ಕೆ ಸಂದೇಶ ಕೈಬದಲಾಗುತ್ತ ಸಾಗುತ್ತದೆ. ಇದೇ ಆ್ಯಡ್ ಹಾಕ್ ನೆಟ್‌ವರ್ಕ್. 2014ರಲ್ಲಿ ಹಾಂಗ್‌ಕಾಂಗ್ ಪ್ರತಿಭಟನಕಾರರು ಫೈರ್‌ಚಾಟ್ ಎಂಬ ಆ್ಯಪನ್ನು ಹೀಗೆಯೇ ಬಳಸಿದರು. ಅಲ್ಲಿ ಜನ ರಸ್ತೆ ತುಂಬ ಒತ್ತೊತ್ತಾಗಿ ಸೇರಿದ್ದರು ಎಂಬುದನ್ನು ಫಾರ್ವರ್ಡ್ ಹೇಳುವುದಿಲ್ಲ.

ಸಂದೇಶವನ್ನು ಯಾರ ಕೈಗೆ ದಾಟಿಸಬೇಕು? ಕಷ್ಟ ಇರುವುದು ಇಲ್ಲೇ. ಸಿಕ್ಕವರಿಗೆಲ್ಲ ಹಂಚಿದರೆ ಎಲ್ಲರ ಬ್ಯಾಟರಿ ಖಾಲಿ. ಅದಕ್ಕೇ ಸಂಶೋಧಕರು ಸ್ಥಳ ನೋಡಿ ಸಾಗಿಸುವ ದಾರಿ ಹುಡುಕಿದರು. ಬ್ರಾಡ್ ಕಾರ್ಪ್ ಮತ್ತು ಎಚ್.ಟಿ. ಕುಂಗ್ 2000ದಲ್ಲಿ ವಿವರಿಸಿದ ಜಿಪಿಎಸ್‌ಆರ್ ವಿಧಾನದಲ್ಲಿ ಪ್ರತಿ ಸಾಧನಕ್ಕೂ ತನ್ನ ನೆರೆಯವು ಎಲ್ಲಿವೆ ಎಂದು ಗೊತ್ತಿರುತ್ತದೆ. ಗುರಿಗೆ ಹೆಚ್ಚು ಹತ್ತಿರ ಇರುವುದಕ್ಕೆ ಸಂದೇಶ ದಾಟಿಸುತ್ತದೆ. ಹೊಸ ಊರಲ್ಲಿ ವಿಳಾಸ ಕೇಳಿದರೆ ‘ಆ ಕಡೆ ಹೋಗಿ, ಅಲ್ಲಿ ಕೇಳಿ’ ಎನ್ನುತ್ತಾರಲ್ಲ, ಹಾಗೆ. ಮಧ್ಯೆ ಹೊಳೆ ಬಂದು ಮುಂದೆ ಯಾರೂ ಇಲ್ಲದಿದ್ದರೆ? ಕತ್ತಲಲ್ಲಿ ಗೋಡೆ ಸವರುತ್ತ ಬಾಗಿಲು ಹುಡುಕುವಂತೆ ಖಾಲಿ ಜಾಗದ ಅಂಚು ಹಿಡಿದು ಸುತ್ತಿ ಹೋಗುತ್ತದೆ. ಸುತ್ತುದಾರಿಯೂ ಇಲ್ಲದಿದ್ದರೆ ಮುಗಿಯಿತು. ಜೊತೆಗೆ, ಸಂದೇಶ ಪಡೆಯುವವರು ಎಲ್ಲಿದ್ದಾರೆ ಎಂದು ಮೊದಲೇ ಗೊತ್ತಿರಬೇಕು. ನೆರೆಯಲ್ಲಿ ಸಿಕ್ಕಿಕೊಂಡವರ ವಿಷಯದಲ್ಲಿ ಗೊತ್ತಿಲ್ಲದಿರುವುದೇ ಅದು!

ಸ್ವಲ್ಪ ಲೆಕ್ಕ ಹಾಕೋಣ. ಬ್ಲೂಟೂತ್ ಒಂದು ಸಲಕ್ಕೆ 30 ಮೀಟರ್ ದಾಟಿಸುತ್ತದೆ ಎಂದಿಟ್ಟುಕೊಳ್ಳಿ. ಮಡಿಕೇರಿಯಿಂದ ವಿರಾಜಪೇಟೆಗೆ ಸುಮಾರು 30 ಕಿ.ಮೀ. ದಾರಿಯುದ್ದಕ್ಕೂ ಸಾವಿರ ಫೋನ್ ಬೇಕು, ಎಲ್ಲದರಲ್ಲೂ ಅದೇ ಆ್ಯಪ್, ಎಲ್ಲದರಲ್ಲೂ ಚಾರ್ಜ್. ಸುರಿಯುವ ಮಳೆಯಲ್ಲಿ ಕಾಫಿ ತೋಟದ ನಡುವೆ ಯಾರು ನಿಂತಿರುತ್ತಾರೆ? ಒಂದೇ ಕಟ್ಟಡದಲ್ಲೋ ಪರಿಹಾರ ಕೇಂದ್ರದಲ್ಲೋ ಇರುವವರಿಗೆ ಮಾತ್ರ ಇಂಥ ಆ್ಯಪ್ ನಿಜಕ್ಕೂ ಉಪಯೋಗ.

2023ರಲ್ಲಿ ಜೋರು ಸದ್ದು ಮಾಡಿ ಬಂದ ಸರ್ಕಾರದ ತುರ್ತು ಎಚ್ಚರಿಕೆಯ ಪರೀಕ್ಷಾ ಸಂದೇಶ ನೆನಪಿದೆಯೇ? ಅದೂ ಸ್ಥಳ ನೋಡಿಯೇ ಬರುವಂಥದ್ದು, ಆದರೆ ಕಳಿಸುವುದು ಟವರ್. ಎರಡನ್ನೂ ಒಂದೇ ಎಂದುಕೊಳ್ಳಬೇಡಿ.

ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ 112ಕ್ಕೆ ಕರೆ ಮಾಡಿ ನೋಡಿ. ಬೇರೆ ಕಂಪನಿಯ ಟವರ್ ಹತ್ತಿರವಿದ್ದರೆ ಅದರ ಮೂಲಕ ಹೋಗಬಹುದು. ಜಿಪಿಎಸ್‌ಗೆ ಇಂಟರ್ನೆಟ್ ಬೇಡ. ನಿಮ್ಮ ತಾಲ್ಲೂಕಿನ ಮ್ಯಾಪನ್ನು ಮಳೆಗೆ ಮೊದಲೇ ಆಫ್‌ಲೈನ್ ಇಳಿಸಿಟ್ಟುಕೊಂಡರೆ ನೀವು ಎಲ್ಲಿದ್ದೀರಿ ಎಂಬುದನ್ನಾದರೂ ಕರೆಯಲ್ಲಿ ಸರಿಯಾಗಿ ಹೇಳಬಹುದು.